ಗ್ನೂಪ್ಲಾಟ್‌ನಲ್ಲಿ ತಣಿಯುವ ನೀರಿನ ಗ್ರಾಫ್

ಬಿಸಿನೀರು ತಣಿಯುವುದನ್ನು ಸೆನ್ಸರ್ ಒಂದು ಗಂಟೆ ಕಾಲ, 10 ಸೆಕೆಂಡಿಗೊಮ್ಮೆ ದಾಖಲಿಸಿದ ಕಡತ. ಮೊದಲ ಕಾಲಂ ಸೆಕೆಂಡು, ಎರಡನೆಯದು ಫ್ಯಾರನ್‌ಹೀಟ್ ಉಷ್ಣತೆ, ನಡುವೆ ಅಲ್ಪವಿರಾಮ. ಆದೇಶ ಬರೆದು ಗ್ರಾಫ್ ಬಿಡಿಸುವ ತಂತ್ರಾಂಶ ಗ್ನೂಪ್ಲಾಟ್ ತಾನಾಗಿ ಕಾಲಂ ಬೇರ್ಪಡಿಸುವುದು ಖಾಲಿ ಜಾಗ ನೋಡಿ. ಆದ್ದರಿಂದ ಮೊದಲ ಆದೇಶ: ಸೆಟ್ ಡೇಟಾಫೈಲ್ ಸೆಪರೇಟರ್ ','.

ಆಮೇಲೆ ಪ್ಲಾಟ್ 'ನೀರು.ಸಿಎಸ್‌ವಿ' ಯೂಸಿಂಗ್ 1:2 ವಿತ್ ಪಾಯಿಂಟ್ಸ್. ಗೆರೆ ಬೇಡ, ಮೊದಲು ಬಿಂದುಗಳೇ ಬೇಕು. ಸೆನ್ಸರ್ ನಡುವೆ ಐದು ನಿಮಿಷ ಸುಮ್ಮನಿದ್ದರೂ ವಿತ್ ಲೈನ್ಸ್ ಎರಡು ತುದಿಗಳನ್ನು ನೇರವಾಗಿ ಜೋಡಿಸಿ ಆ ತೂತನ್ನು ಮುಚ್ಚಿಬಿಡುತ್ತದೆ.

ಸೆಲ್ಸಿಯಸ್‌ಗೆ ತರಲು ಯೂಸಿಂಗ್ ಮುಂದೆ 1:(5/9*($2-32)) ಬರೆದರೆ ($2 ಎಂದರೆ ಎರಡನೇ ಕಾಲಂನ ಬೆಲೆ) ಇಡೀ ಗ್ರಾಫ್ ಸೊನ್ನೆಯ ಮೇಲೆ ಮಲಗುತ್ತದೆ. ವೈ ವ್ಯಾಪ್ತಿ ಖಾಲಿ, -1ರಿಂದ 1ಕ್ಕೆ ಹೊಂದಿಸಿದ್ದೇನೆ ಎಂಬ ಎಚ್ಚರಿಕೆಯೂ ಬರುತ್ತದೆ. ದತ್ತಾಂಶ ಕೆಟ್ಟಿಲ್ಲ. 5 ಮತ್ತು 9 ಎರಡೂ ಪೂರ್ಣಾಂಕಗಳಾದ್ದರಿಂದ ಭಾಗಲಬ್ಧವೂ ಪೂರ್ಣಾಂಕ, ಅಂದರೆ 0. 5.0/9 ಎಂದು ಬರೆದರೆ ಸರಿಹೋಗುತ್ತದೆ. ಬರೆಯುವ ಪ್ರತಿ ಭಾಗಾಕಾರದಲ್ಲೂ ಆ ಚುಕ್ಕೆಯನ್ನು ನಾನು ಹುಡುಕುತ್ತೇನೆ.

ನಿಜವಾದ ಕೆಲಸ ಇರುವುದು ಫಿಟ್‌ನಲ್ಲಿ, ಅಂದರೆ ಬಿಂದುಗಳಿಗೆ ಹೊಂದುವಂತೆ ಸೂತ್ರದ ಸ್ಥಿರಾಂಕಗಳನ್ನು ಹುಡುಕುವುದರಲ್ಲಿ. ಎಫ್(ಎಕ್ಸ್)=ಎ+ಬಿ*ಎಕ್ಸ್‌ಪ್(-ಎಕ್ಸ್/ಸಿ) ಎಂದು ಬರೆದು, ಫಿಟ್ ಆದೇಶದ ಕೊನೆಗೆ ವಯಾ ಎ,ಬಿ,ಸಿ ಸೇರಿಸಬೇಕು. ಆರಂಭಿಕ ಬೆಲೆ ಕೊಡದಿದ್ದರೆ ಮೂರನ್ನೂ 1 ಎಂದೇ ಹಿಡಿಯುತ್ತದೆ. ಸಿ 1 ಆದಾಗ ಎಕ್ಸ್‌ಪ್ ಪದ ಹತ್ತನೇ ಸೆಕೆಂಡಿಗೇ 0.00005ಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಸಿಯನ್ನು ಯಾವ ದಿಕ್ಕಿಗೆ ಸರಿಸಬೇಕೆಂಬ ಸುಳಿವೇ ಲೆಕ್ಕಕ್ಕೆ ಸಿಗುವುದಿಲ್ಲ. ಎ=25, ಬಿ=60, ಸಿ=1500 ಎಂಬಂಥ ಅಂದಾಜು ಸಾಕು: ಕೋಣೆಯ ಉಷ್ಣತೆ, ಆರಂಭದ ಅಂತರ, ಗ್ರಾಫ್ ನೋಡಿ ಊಹಿಸಿದ ಕಾಲ.

ಫಿಟ್ ಚೆನ್ನಾಗಿ ಕಂಡರೂ ನಂಬುವ ಮೊದಲು ಉಷ್ಣತೆಯಿಂದ ಎ ಕಳೆದು, ಸೆಟ್ ಲಾಗ್‌ಸ್ಕೇಲ್ ವೈ (ವೈ ಅಕ್ಷಕ್ಕೆ ಲಾಗರಿದಮ್ ಅಳತೆ) ಕೊಟ್ಟು ನೋಡಬೇಕು. ನೇರ ಗೆರೆ ಬರಬೇಕಾದಲ್ಲಿ ಆರಂಭ ಕಡಿದಾಗಿ ಬಾಗಿದ್ದರೆ, ತೆರೆದ ಪಾತ್ರೆಯ ನೀರು ಆವಿಯಾಗುತ್ತಲೂ ಶಾಖ ಕಳೆದುಕೊಂಡಿದೆ ಎನ್ನಬಹುದು. ನಮ್ಮ ಸೂತ್ರದಲ್ಲಿ ಅದಿಲ್ಲ. ಆಗ ಫಿಟ್ [600:] ಎಂದು ಆರಂಭಿಸಿ ಮೊದಲ ಹತ್ತು ನಿಮಿಷ ಬಿಡುವುದು ಒಳ್ಳೆಯದು, ಬಿಟ್ಟದ್ದನ್ನು ಚಿತ್ರದ ಕೆಳಗೆ ಬರೆಯಲೇಬೇಕು. ಕಳೆದ ಮೇಲೆ ಋಣವಾದ ಬಿಂದುಗಳು ಲಾಗ್‌ನಲ್ಲಿ ಸದ್ದಿಲ್ಲದೆ ಮಾಯವಾಗುತ್ತವೆ, ಅದೂ ನೆನಪಿರಲಿ.

ಪಿಎನ್‌ಜಿ ಚಿತ್ರವಾಗಿ ಉಳಿಸಲು ಸೆಟ್ ಟರ್ಮಿನಲ್ ಪಿಎನ್‌ಜಿಕೈರೋ, ಸೆಟ್ ಔಟ್‌ಪುಟ್ ಜೊತೆಗೆ ಕಡತದ ಹೆಸರು, ಮತ್ತೆ ಪ್ಲಾಟ್, ಕೊನೆಗೆ ಅನ್‌ಸೆಟ್ ಔಟ್‌ಪುಟ್. ಈ ಕೊನೆಯದನ್ನು ಬಿಟ್ಟರೆ ಕಡತ ಮುಚ್ಚಿಕೊಳ್ಳದೆ ಚಿತ್ರ ಅರ್ಧಕ್ಕೆ ನಿಲ್ಲಬಹುದು.