ಒಂದು ಓವರ್‌ಗಾಗಿ ಹುಬ್ಬಳ್ಳಿಗೆ

ಅಳಿಯನ ಕ್ರಿಕೆಟ್ ಆಯ್ಕೆಗೆಂದು ಗದಗದಲ್ಲಿ ಬೆಳಗಿನ ರೈಲು ಹತ್ತಿದಾಗ ನನಗೆ ಅವನ ಬ್ಯಾಗಿನದೇ ಚಿಂತೆ. ಸ್ಪಿನ್ ಹಾಕೋ ಹುಡುಗನಿಗೆ ಇಷ್ಟು ದೊಡ್ಡ ಬ್ಯಾಗ್ ಯಾಕೆ? ‘ಬ್ಯಾಟಿಂಗೂ ಮಾಡು ಅಂದ್ರ ಏನ್ ಮಾಡ್ಲಿ ಮಾಮಾ?’ ಅಂದ. ಸರಿ, ಬ್ಯಾಗನ್ನು ನನ್ನ ಕಾಲಡಿಗೆ ತಳ್ಳಿದ.

ಎಡಗೈ ಸ್ಪಿನ್ನರ್‌ಗೆ ಈ ದಾರಿ ಹೊಸದಲ್ಲ. ಮುಂದೆ ಭಾರತ ತಂಡಕ್ಕೆ ಆಡಿದ ನಮ್ಮ ಗದಗಿನ ಸುನಿಲ್ ಜೋಶಿ ಶಾಲೆಗೆ ಹೋಗುವ ದಿನಗಳಲ್ಲಿ ಬೆಳಗಾಗೆದ್ದು ಹುಬ್ಬಳ್ಳಿಗೆ ಹೋಗಿ, ಪ್ರಾಕ್ಟೀಸ್ ಮುಗಿಸಿ, ಮತ್ತೆ ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದರು. ಅದೇ ಕೈ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್ ಹಾಕಿ, 6 ರನ್ ಕೊಟ್ಟು, 5 ವಿಕೆಟ್ ಕಿತ್ತಿತು. ಅದರಲ್ಲಿ ಆರು ಮೇಡನ್ ಬೇರೆ, ಅಂದರೆ ಒಂದೂ ರನ್ ಕೊಡದ ಓವರ್! ಈ ಲೆಕ್ಕ ಅಳಿಯನಿಗೆ ಬಾಯಿಪಾಠ.

ಹುಲಕೋಟಿ ಹೋಯಿತು, ಅಣ್ಣಿಗೇರಿ ಬಂತು. ಎರಡೂ ಕಡೆ ಕಪ್ಪು ಎರೆ ಹೊಲ. ಅವನು ಕಿಟಕಿಯಾಚೆ ನೋಡಲೇ ಇಲ್ಲ. ಕೈಯಲ್ಲಿ ಹಳೇ ಚೆಂಡು ಹಿಡಿದು ಬೆರಳು ತಿರುವುತ್ತಲೇ ಇದ್ದ.

ಹುಬ್ಬಳ್ಳಿಯ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಹೆಮ್ಮೆಯೇ ಸರಿ, ಆದರೆ ಆ ಬ್ಯಾಗ್ ಹೊತ್ತು ನಡೆದು ನೋಡಿ. ಆಟೋ ಹಿಡಿದು ರಾಜನಗರದ ಮೈದಾನಕ್ಕೆ ಹೋದೆವು.

ಗೇಟಿನಲ್ಲೇ ಹುಡುಗರ ಜಾತ್ರೆ. ಹಾವೇರಿ, ಬಾಗಲಕೋಟೆ, ವಿಜಯಪುರ, ಎಲ್ಲ ಕಡೆಯವರೂ ಇದ್ದರು. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡ ಕರ್ನಾಟಕದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದಿದ್ದನ್ನು ಕಂಡವರಲ್ವಾ, ಆಡಿ ದುಡಿಯಬಹುದು ಅನ್ನೋದು ಇವರಿಗೆ ಗೊತ್ತು. ಒಬ್ಬೊಬ್ಬರ ಬೆನ್ನಿಗೂ ನಂಬರ್ ಬರೆದ ಚೀಟಿ, ಸೇಫ್ಟಿ ಪಿನ್. ಗಾಳಿಗೆ ಚೀಟಿ ಹಾರುತ್ತಿತ್ತು. ಒಬ್ಬ ತಾಯಿ ಸೆರಗಿನ ಪಿನ್ ಬಿಚ್ಚಿ ನಮ್ಮ ಅಳಿಯನ ಚೀಟಿಗೆ ಇನ್ನೊಂದು ಚುಚ್ಚಿದರು.

ಅವನ ಸರದಿ ಬಂದಾಗ ಕೈಗೆ ಸಿಕ್ಕಿದ್ದು ಹೊಸ ಚೆಂಡು. ಮೊದಲನೇದು ಕೈ ಜಾರಿ, ನೆಲಕ್ಕೆ ಬೀಳದೆ ಫುಲ್‌ಟಾಸ್. ಎರಡನೇದನ್ನು ಬ್ಯಾಟ್ಸ್‌ಮನ್ ಎತ್ತಿ ಬಿಸಾಕಿದ. ಅಳಿಯ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ನಾಲ್ಕನೇ ಚೆಂಡು ಬಿದ್ದಲ್ಲಿಂದ ಸರಕ್ಕನೆ ತಿರುಗಿ ಕೀಪರ್ ಗ್ಲೌಸ್ ಸೇರಿತು. ಆ ಹೊತ್ತಿಗೆ ಸರಿಯಾಗಿ ಆಯ್ಕೆದಾರರು ತಲೆ ಬಗ್ಗಿಸಿ ಹಾಳೆ ಮೇಲೆ ಏನೋ ಬರೆಯುತ್ತಿದ್ದರು. ಓವರ್ ಮುಗೀತು, ‘ಮುಂದಿನವ್ರು’ ಅಂದರು.

ನನಗೆ ಗಾಲ್ಫ್ ನೆನಪಾಯಿತು. ಅಲ್ಲಿ ವೃತ್ತಿಪರರ ಟೂರ್, ಅಂದರೆ ಟೂರ್ನಿಗಳ ಸರಣಿ, ಸೇರಲು ಕ್ವಾಲಿಫೈಯಿಂಗ್ ಸ್ಕೂಲ್ ಅಂತ ಟೂರ್ನಿ ಇರುತ್ತದೆ. ಹೆಸರಷ್ಟೇ ಸ್ಕೂಲು, ಪಾಠ ಇಲ್ಲ. ದಿನಗಟ್ಟಲೆ, ದಿನಕ್ಕೆ 18 ಹೋಲ್ ಆಡಬೇಕು, ಅಂದರೆ 18 ಗುಂಡಿಗೆ ಚೆಂಡು ಸೇರಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಒಳಗೆ, ಉಳಿದವರು ಮನೆಗೆ. ಬೆಂಗಳೂರಿನ ಅದಿತಿ ಅಶೋಕ್ 2015ರಲ್ಲಿ ಮೊರಾಕ್ಕೋದಲ್ಲಿ ಇಂಥದ್ದನ್ನೇ ಗೆದ್ದು ಯುರೋಪಿನ ಮಹಿಳಾ ಟೂರ್‌ಗೆ ಹೋದರು. ಆಗ ಆಕೆಗೆ 17 ವರ್ಷ. ಯಾರು ತಲೆ ಬಗ್ಗಿಸಿದ್ದರೂ ಅಲ್ಲಿ ಸ್ಕೋರ್ ಕಾರ್ಡ್ ಬದಲಾಗಲ್ಲ. ಕ್ರಿಕೆಟ್ಟಿಗೆ ಅಷ್ಟು ಪುರುಸೊತ್ತಿಲ್ಲ, ಹುಡುಗರು ಜಾಸ್ತಿ. ಆದರೂ ಒಂದೇ ಓವರ್ ಅಂದರೆ ಅನ್ಯಾಯ ಅಂತಲೇ ನನ್ನ ಲೆಕ್ಕ.

ಹೊರಗೆ ಬಂದು ಗಿರ್ಮಿಟ್ಟು, ಮಿರ್ಚಿ ತಿನ್ನುತ್ತಾ ಇದನ್ನೆಲ್ಲ ಅವನಿಗೆ ಹೇಳಿದೆ. ಫಲಿತಾಂಶ ಫೋನಿಗೆ ಬರುತ್ತದಂತೆ. ಅವನು ಮಿರ್ಚಿ ಕಚ್ಚುತ್ತಾ ಕೇಳಿದ: ‘ಗಾಲ್ಫ್‌ನ್ಯಾಗೂ ಸ್ಪಿನ್ ಇರತೈತೇನು ಮಾಮಾ?’

‘ಇರತೈತಿ. ಬಿದ್ದ ಚೆಂಡು ಹಿಂದಕ್ಕ ಉರುಳಿ ಬರೋ ಹಂಗ ಹೊಡೀತಾರ.’

‘ಹಿಂದಕ್ಕ?’ ಅಂದವನೇ ಮೊಬೈಲ್ ತೆಗೆದು ಹುಡುಕತೊಡಗಿದ.