ಶೃಂಗೇರಿ ಮಠಕ್ಕೆ ಟಿಪ್ಪು ಪತ್ರಗಳು

1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ಕುದುರೆ ಪಡೆ. ಶಾರದೆಯ ವಿಗ್ರಹದ ಮರುಪ್ರತಿಷ್ಠೆಗೆ ಹಣ ಕೊಡಿಸಿದ್ದು ಟಿಪ್ಪು ಸುಲ್ತಾನ್: ಮಠಕ್ಕೆ 200 ರಾಹತಿ (ಆಗಿನ ನಾಣ್ಯ) ನಗದು, ಜೊತೆಗೆ ಸಾಮಗ್ರಿ ಕೊಡುವಂತೆ ಬಿದನೂರಿನ ಅಸಫನಿಗೆ (ಪ್ರಾಂತಾಧಿಕಾರಿಗೆ) ಆಜ್ಞೆ ಹೋಯಿತು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ ಮಠದಲ್ಲಿ ಗುರುತಿಸಿದ ಈ ಪತ್ರಗಳು ಕನ್ನಡದಲ್ಲಿವೆ.

ಇಷ್ಟನ್ನೇ ಹಿಡಿದು ಟಿಪ್ಪುವನ್ನು ಸರ್ವಧರ್ಮಪ್ರೇಮಿ ಎಂದರೆ ಅವನ ದಮನ ಕಂಡ ಕೊಡಗು, ಮಲಬಾರ್ ಎದುರು ನಿಲ್ಲುತ್ತವೆ. ಬಂಡೆದ್ದವರಿಗೆ ಒಂದು ನೀತಿ, ತನ್ನ ಸೀಮೆಯ ಗುರುವಿಗೆ ಇನ್ನೊಂದು. ಆಗ ಬ್ರಿಟಿಷರು, ನಿಜಾಮ, ಮರಾಠರು ಮೂವರೂ ಮೇಲೆ ಬಿದ್ದಿದ್ದರು. ಮಠದಲ್ಲಿ ಚಂಡೀಜಪ ಮಾಡಿಸಿದ್ದೂ ಶತ್ರುನಾಶಕ್ಕೇ. ನಂಬಿಕೆಯೋ ಲೆಕ್ಕಾಚಾರವೋ? ಎರಡೂ ಇದ್ದಿರಬೇಕು. ಇನ್ನು, ಲೂಟಿ ಮಾಡಿದವರ ಯಜಮಾನ ಪೇಶ್ವೆ ಸ್ವತಃ ಬ್ರಾಹ್ಮಣ!