ಪಡುವಣ ಗೋಡೆಯ ಕೆಳಗಿನ ಮೂರು ಅಡಿ

ಪಡುವಣ ಗೋಡೆಗೆ ಮೆತ್ತಿದ ಸುಣ್ಣದ ಗಾರೆಯ ಸಾರಣೆ ಉದುರದೆ ನಿಂತಿದೆ. ಹಾಕಿ ಇಂದಿಗೆ ಎಪ್ಪತ್ತು ದಿನಗಳಾದವು. ಬೆರಳ ಗಂಟಿನಿಂದ ಬಡಿದರೆ ಎಲ್ಲಿಯೂ ಪೊಳ್ಳು ಸದ್ದಿಲ್ಲ, ಉಗುರಿನಿಂದ ಕೆರೆದರೆ ಪುಡಿ ಉದುರುವುದಿಲ್ಲ. ಕುಂಬಳೆಯ ಬಳಿ ಕಡಲ ಕರೆಯಲ್ಲಿರುವ ನಮ್ಮ ಅಜ್ಜನ ಮನೆಯ ದುರಸ್ತಿಯಲ್ಲಿ ಹಂಚು ಇಳಿಸಿ ಏರಿಸಿದ್ದು, ಗೆದ್ದಲು ಹಿಡಿದ ಪಕ್ಕಾಸು ಬದಲಿಸಿದ್ದು, ಮುಚ್ಚಿಗೆಗೆ ಎಣ್ಣೆ ಕೊಟ್ಟದ್ದು ಎಲ್ಲವೂ ಅಂದುಕೊಂಡಂತೆಯೇ ಮುಗಿದವು. ಆ ಕೆಲಸಗಳು ನಿಮಗೆಲ್ಲ ಗೊತ್ತಿರುವಂಥವೇ. ಎರಡು ವರ್ಷಗಳನ್ನು ನುಂಗಿದ್ದು ಈ ಒಂದು ಗೋಡೆಯ ಕೆಳಗಿನ ಮೂರು ಅಡಿ.

ಮಳೆಗಾಲದಲ್ಲಿ ಗೋಡೆ ಬರಿದೆ ಒದ್ದೆಯಾಗಿ ಕಾಣುತ್ತಿತ್ತು. ಡಿಸೆಂಬರ್ ಬಿಸಿಲು ಬಿದ್ದೊಡನೆ ಹತ್ತಿಯ ಎಳೆಯಂತಹ ಬಿಳಿ ಉಪ್ಪು ಮೂಡಿ, ಅದರ ಹಿಂದೆಯೇ ಸಾರಣೆ ಉಬ್ಬಿ, ಅಂಗೈಯಗಲದ ಚಕ್ಕೆಗಳಾಗಿ ಬೀಳುತ್ತಿತ್ತು. ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು; ಆ ಕಲ್ಲಿನ ಮೈತುಂಬ ತೂತುಗಳು. ನೆಲದ ನೀರನ್ನು ಅದು ಬತ್ತಿಯಂತೆ ಮೇಲಕ್ಕೆಳೆಯುತ್ತದೆ, ಕಡಲ ಕರೆಯಲ್ಲಿ ಆ ನೀರಿನ ಜೊತೆಗೆ ಉಪ್ಪೂ ಏರುತ್ತದೆ. ನೀರು ಆರಿ ಹೋದರೂ ಉಪ್ಪು ಉಳಿದು ಹರಳುಗಟ್ಟುತ್ತದೆ, ಹರಳು ಬೆಳೆಯುವಾಗ ಸುತ್ತಲಿನದನ್ನು ಒಡೆಯುತ್ತದೆ. ನಮ್ಮಲ್ಲಿ ಹಿಂದೊಮ್ಮೆ ಬಳಿದಿದ್ದ ಸಿಮೆಂಟು ನೀರು ಹೊರಬರುವ ದಾರಿಯನ್ನೇ ಮುಚ್ಚಿದ್ದರಿಂದ, ಉಪ್ಪು ಸಿಮೆಂಟಿನ ಹಿಂದೆ ಕಲ್ಲಿನೊಳಗೇ ಹರಳುಗಟ್ಟಿತ್ತು. ಅದನ್ನು ಕಿತ್ತಾಗ ಅದರೊಡನೆ ಒಂದು ಬೆರಳು ದಪ್ಪದ ಕಲ್ಲೂ ಕಳಚಿ ಬಂದದ್ದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಇದೇ ಕಡಲಿಗೆ ಎದೆಗೊಟ್ಟು ನಿಂತಿರುವ ಬೇಕಲ ಕೋಟೆಯ ಮುರಕಲ್ಲು, ಮೈಗೆ ಯಾವ ಹೊದಿಕೆಯೂ ಇಲ್ಲದೆ, ಬಂದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತಿದೆ. ಕಲ್ಲಿಗೆ ಬೇಕಾದದ್ದು ತನಗಿಂತ ಮೆದುವಾದ, ಉಸಿರಾಡುವ ಹೊದಿಕೆ. ಅದು ಸುಣ್ಣದ ಗಾರೆಯೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಆದರೆ ಮೊದಲ ಸುಣ್ಣದ ಸಾರಣೆಯೂ ಸೋತಿತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ (ಮರಳು), ಉಪ್ಪು ಹೋಗುವಂತೆ ನಾಲ್ಕು ಸಲ ತೊಳೆದದ್ದು. ಗೋಡೆಗೆ ಹಿಂದಿನ ದಿನದಿಂದಲೇ ನೀರು. ಪಡುವಣ ಬಿಸಿಲಿಗೆ ಒದ್ದೆ ಗೋಣಿಯ ಪರದೆ. ತಿಂಗಳು ಕಳೆದ ಮೇಲೂ ಅದು ಕೈಗೆ ಹಿಟ್ಟಿನಂತೆ ಅಂಟುತ್ತಿತ್ತು. ಸುಣ್ಣ ಮಾರಿದವರನ್ನು ವಿಚಾರಿಸಿದರೆ, ಅಡಕೆಗೆ ಮದ್ದು ಬಿಡುವುದಕ್ಕೂ ಎಲ್ಲರೂ ಇದನ್ನೇ ಒಯ್ಯುತ್ತಾರೆ, ಈವರೆಗೆ ಯಾರೂ ದೂರು ಹೇಳಿಲ್ಲ ಎಂಬ ಉತ್ತರ ಬಂತು. ಚೀಲದ ಬಾಯಿ ಎಷ್ಟು ದಿನದಿಂದ ತೆರೆದಿತ್ತು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಸರಕಿನ ವಯಸ್ಸು ತಿಳಿಯದವರು ಅದನ್ನು ಮಾರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಡಿಸಿ ಹೇಳಿದವರು ನಮ್ಮ ಹಳೆಯ ಮೇಸ್ತ್ರಿಗಳು. ಒಂದು ಚಿಟಿಕೆ ಪುಡಿಯನ್ನು ಕರಣೆಯ ಮೇಲೆ ಹರಡಿ, ಅರ್ಧ ನಿಂಬೆಹಣ್ಣನ್ನು ಹಿಂಡಿದರು. ಪುಡಿ ಬುಸುಬುಸು ನೊರೆಯೆದ್ದಿತು. “ಇದು ಸುಣ್ಣ ಅಲ್ಲ ಮಾಷ್ಟ್ರೇ, ಸತ್ತ ಚಿಪ್ಪಿನ ಹುಡಿ” ಎಂದರು. ಅವರ ಮಾತು ರಸಾಯನಶಾಸ್ತ್ರಕ್ಕೂ ಸರಿಯೇ. ಸುಟ್ಟು ಅರಳಿಸಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ, ಚಿಪ್ಪಿನಂತೆಯೇ ಹುಳಿಗೆ ನೊರೆಯೇಳುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದರಿಂದಲೇ ಗೋಡೆಯ ಮೇಲೆ ಗಟ್ಟಿಯಾಗುತ್ತದೆ. ಆ ಕೆಲಸ ಚೀಲದಲ್ಲಿಯೇ ಮುಗಿದುಹೋಗಿದ್ದರೆ ಗೋಡೆಯ ಪಾಲಿಗೆ ಉಳಿಯುವುದು ಬರಿಯ ಧೂಳು.

ಅಳಿವೆಯ ಕಡೆ ಮರುವಾಯಿ ಚಿಪ್ಪು ಸುಡುವವರಿಂದ ಗೂಡಿನಿಂದ ಅದೇ ದಿನ ತೆಗೆದ ಸುಣ್ಣವನ್ನು ತಂದೆ. ಚಿಪ್ಪುಗಳು ಆಕಾರ ಕಳೆದುಕೊಂಡಿರಲಿಲ್ಲ, ಹಿಡಿದರೆ ಹಗುರ. ನೀರಿಗೆ ಹಾಕಿದ ಕೂಡಲೇ ಒಂದೊಂದೂ ಸೀಳಿ, ತೊಟ್ಟಿಯ ನೀರು ಕೊತಕೊತ ಕುದಿಯಿತು. ಸೋಸಿದ ಸುಣ್ಣವನ್ನು ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ನಲವತ್ತು ದಿನ ಇಟ್ಟೆ. ತೆಗೆಯುವಾಗ ಅದು ಬೆಣ್ಣೆಯಂತೆ ಕರಣೆಗೆ ಕೂರುತ್ತಿತ್ತು.

ಆ ನಲವತ್ತು ದಿನಗಳಲ್ಲಿ ಇನ್ನೊಂದು ಕಾರಣವೂ ಕಣ್ಣಿಗೆ ಬಿತ್ತು. ಗೋಡೆಯ ಬುಡದ ಕಟ್ಟೆಯಾದ ಪಂಚಾಂಗಕ್ಕೆ ತಾಗಿಸಿ ಅಂಗಳಕ್ಕೆ ಕಾಂಕ್ರೀಟು ಹಾಕಿದ್ದರಿಂದ ನೆಲದ ತೇವಕ್ಕೆ ಗೋಡೆಯನ್ನು ಹತ್ತುವುದಲ್ಲದೆ ಬೇರೆ ದಾರಿಯೇ ಇರಲಿಲ್ಲ. ಗೋಡೆಯುದ್ದಕ್ಕೂ ಎರಡು ಅಡಿ ಅಗಲಕ್ಕೆ ಅದನ್ನು ಒಡೆದು, ಚರಂಡಿ ತೋಡಿ ಜಲ್ಲಿ ತುಂಬಿಸಿದೆ. ಕಲ್ಲಿನೊಳಗೆ ಮೊದಲೇ ಸೇರಿದ್ದ ಉಪ್ಪನ್ನು ಎಳೆಯಲು, ಹೊಯಿಗೆ ಹೆಚ್ಚಿದ ತೆಳು ಗಾರೆಯನ್ನು ಬಳಿದು, ಉಪ್ಪು ಅದರ ಮೇಲೆ ಹೂಬಿಟ್ಟ ಬಳಿಕ ಕೆರೆದು ದೂರ ಚೆಲ್ಲಿದೆ. ಹೀಗೆ ಎರಡು ಸಲ. ಮೂರನೆಯದೇ ಈಗ ನಿಂತಿರುವ ಸಾರಣೆ.

ಗಾರೆ ಆರುವುದನ್ನು ಕಾಯುತ್ತ ತಂಗಿಯ ಹೊಸ ಮನೆಯ ನಕ್ಷೆಯನ್ನೂ ಬರೆಯತೊಡಗಿದ್ದೇನೆ. ಇದೇ ಹಿತ್ತಲಿನ ಮೂಡು ಬದಿಯಲ್ಲಿ ಎರಡು ಕೋಣೆ, ಒಂದು ಚಾವಡಿ, ಮೂರು ಬದಿಗೆ ಜಗಲಿ. ಅವಳಿಗೆ ತಾರಸಿ ಬೇಕಂತೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ನನ್ನ ಮತ ಇಳಿಮಾಡಿಗೇ, ಇಳಿಜಾರು ಚಾವಣಿಗೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯಲ್ಲಿ ಮುಳಿಹುಲ್ಲಿನ ಜಾಗಕ್ಕೆ ಹಂಚು ಬಂದರೂ, ಗೋಡೆಯನ್ನು ದಾಟಿ ತಗ್ಗಿ ಇಳಿಯುವ ಮಾಡನ್ನು ನಮ್ಮವರು ಬಿಡಲಿಲ್ಲ. ಓರೆಮಳೆ ಜಗಲಿಯ ಅಂಚಿನಲ್ಲಿಯೇ ನಿಂತರೆ ಗೋಡೆ ಒದ್ದೆಯಾಗುವುದಿಲ್ಲ. ಪಂಚಾಂಗದ ಮೇಲೆ ತೇವ ತಡೆಯುವ ಒಂದು ಪದರವನ್ನು ಮೊದಲೇ ಹಾಕಿಬಿಟ್ಟರೆ, ಅಜ್ಜನ ಗೋಡೆ ಪಟ್ಟ ಪಾಡು ಈ ಗೋಡೆಗೆ ಬಾರದು.

ಸದ್ಯ ಪಡುವಣ ಗೋಡೆಗೆ ಸುಣ್ಣದ ಬಿಳಿ ಬಳಿಯುವುದು ಬಾಕಿಯಿದೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮೂರು ಕೈ ಮುಗಿಸಬೇಕು. ತೊಟ್ಟಿಯ ತಳದಲ್ಲಿ ಅದಕ್ಕೆ ಸಾಲುವಷ್ಟು ಸುಣ್ಣ ಉಳಿದಿದೆ, ಅದರ ಮೇಲಿನ ನೀರು ಬತ್ತದಂತೆ ದಿನವೂ ಬೆಳಗ್ಗೆ ನೋಡುತ್ತಿದ್ದೇನೆ.